ಒಸರುವುದು ಬೇರೆ, ತೊಟ್ಟಿಕ್ಕುವುದು ಬೇರೆ

ಪವರ್ ಸ್ಟೀರಿಂಗ್ ಪಂಪ್ ಹೊಸದು ಹಾಕಿಸಿಕೊಂಡು ಹೋದ ಗಾಡಿ ವಾರದೊಳಗೆ ಅದೇ ಗ್ಯಾರೇಜಿನ ಮುಂದೆ ಬಂದು ನಿಂತಿತೆಂದರೆ ದೂರು ಒಂದೇ: ಲೀಕ್. ಹೈದರಾಬಾದಿನ ಆಟೋನಗರದಲ್ಲಿ ಈ ದೂರು ದಖ್ಖನಿಯಲ್ಲಿ ಬರುತ್ತದೆ, ತೆಲುಗಿನಲ್ಲಿ ಬರುತ್ತದೆ, ಬೀದರ್–ಕಲಬುರಗಿಯ ಕನ್ನಡದಲ್ಲೂ ಬರುತ್ತದೆ. ಲೀಕ್ ಹೋ ರಹಾ, ಲೀಕ್ ಅವುತೋಂದಿ, ಲೀಕ್ ಆಗ್ಲಿಕತ್ತದ. ಕ್ರಿಯಾಪದದ ಬಾಲ ಮಾತ್ರ ಬೇರೆ, ತಲೆ ಒಂದೇ. ಆಮೇಲೆ ನಡೆಯುವುದೂ ಹೆಚ್ಚುಕಡಿಮೆ ಒಂದೇ. ಗಾಡಿಯವನು ‘ನೀವು ಹಾಕಿದ ಪಂಪೇ ಖರಾಬು’ ಎನ್ನುತ್ತಾನೆ. ಉಸ್ತಾದ್ ಬಿಡಿಭಾಗದ ಅಂಗಡಿಗೆ ಫೋನ್ ಮಾಡುತ್ತಾನೆ. ಅಂಗಡಿಯವನು ‘ಮಾಲು ಸರಿ ಇದೆ, ಫಿಟ್ಟಿಂಗ್ ಸರಿ ಇಲ್ಲ’ ಎನ್ನುತ್ತಾನೆ. ಅರ್ಧ ದಿನ ಹೀಗೆ ಕಳೆದ ಮೇಲೆ ಹೊಸ ಪಂಪ್ ಇಳಿಯುತ್ತದೆ, ಅದಕ್ಕಿಂತ ಹೊಸದೊಂದು ಏರುತ್ತದೆ. ಎರಡು ದಿನಕ್ಕೆ ನೆಲದ ಮೇಲೆ ಮತ್ತೆ ಅದೇ ಕೆಂಪು ಕಲೆ.

ಹೊಸ ಪಂಪ್ ಹಾಕಿದ ಬೆನ್ನಿಗೇ ಕಾಣಿಸಿಕೊಳ್ಳುವ ಸೋರಿಕೆಯಲ್ಲಿ ಪಂಪಿನದೇ ತಪ್ಪು ಇರುವುದು ಕಡಿಮೆ. ತಪ್ಪಿರುವುದು ಅದರ ಸುತ್ತಲಿನ ಕೀಲುಗಳಲ್ಲಿ: ಮರುಬಳಕೆ ಮಾಡಿದ ವಾಷರ್, ಅಳತೆ ತಪ್ಪಿದ ಓ-ರಿಂಗ್, ಬಿಗಿತ ಕಳೆದುಕೊಂಡ ಕ್ಲಿಪ್ಪು, ವರ್ಷಗಳಿಂದ ಕಾದು ಗಟ್ಟಿಯಾದ ಹೋಸ್ ಪೈಪು, ಇಲ್ಲವೇ ಒಳಗೇ ಉಳಿದುಹೋದ ಗಾಳಿ. ಇದು ಉಸ್ತಾದರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಹಾಗಿದ್ದೂ ಪಂಪನ್ನೇ ಮತ್ತೆ ಮತ್ತೆ ಬದಲಾಯಿಸುವುದೇಕೆ? ಒಂದು, ಎಲ್ಲ ಬಗೆಯ ಸೋರಿಕೆಗೂ ಒಂದೇ ಹೆಸರಿಟ್ಟು ಕೂತಿರುವುದರಿಂದ. ಇನ್ನೊಂದು, ನೋಡುವ ಕೆಲಸಕ್ಕೆ ಕೂಲಿ ಇಲ್ಲದಿರುವುದರಿಂದ. ಮಾಲು ತಂದು ಕೂರಿಸಿದರೆ ದುಡ್ಡು ಹುಟ್ಟುತ್ತದೆ. ಬ್ಯಾಟರಿ ಹಿಡಿದು ಗಾಡಿಯಡಿ ಮಲಗಿ ಎಲ್ಲಿಂದ ಬರುತ್ತಿದೆ ಎಂದು ಅರ್ಧ ಗಂಟೆ ನೋಡಿದರೆ ಏನೂ ಹುಟ್ಟುವುದಿಲ್ಲ.

ಆಟೋನಗರಕ್ಕೂ ಕನ್ನಡಕ್ಕೂ ಏನು ಸಂಬಂಧ ಎನ್ನುವವರು ಭೂಪಟದಲ್ಲಿ ರಾಷ್ಟ್ರೀಯ ಹೆದ್ದಾರಿ 65ನ್ನು ನೋಡಬೇಕು. ಸೊಲ್ಲಾಪುರದ ಕಡೆಯಿಂದ ಬಂದು, ಹುಮನಾಬಾದನ್ನು ಹಾದು, ಜಹೀರಾಬಾದ್, ಸಂಗಾರೆಡ್ಡಿ, ಪಟಾನ್‌ಚೆರು ಮೂಲಕ ಹೈದರಾಬಾದ್ ಸೇರುವ ರಸ್ತೆ ಅದು. ಅದೇ ರಸ್ತೆ ನಗರದ ಇನ್ನೊಂದು ತುದಿಯಲ್ಲಿ ವನಸ್ಥಲಿಪುರಂ ಬಳಿ ಆಟೋನಗರವನ್ನು ಮುಟ್ಟಿ ವಿಜಯವಾಡದ ದಾರಿ ಹಿಡಿಯುತ್ತದೆ. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಬೆಂಗಳೂರಿಗೆ ಅದರ ಐದು ಪಟ್ಟು ಹತ್ತಿರ ಹತ್ತಿರ. 1956ರಲ್ಲಿ ರಾಜ್ಯದ ಗಡಿ ಬದಲಾಯಿತು, ಗಾಡಿ ರಿಪೇರಿಯ ದಾರಿ ಬದಲಾಗಲಿಲ್ಲ. ಊರಿನಲ್ಲಿ ಸಿಗದ ಬಿಡಿಭಾಗ, ಊರಿನಲ್ಲಿ ಬಗೆಹರಿಯದ ರೋಗ, ಎರಡಕ್ಕೂ ಜನ ಇಂದಿಗೂ ಈ ಕಡೆಗೇ ಗಾಡಿ ತಿರುಗಿಸುತ್ತಾರೆ. ಹಾಗೆ ಬಂದವನಿಗೆ ಎರಡನೆಯ ಸಲ ಬರುವುದೆಂದರೆ ಬರೀ ರಿಪೇರಿಯ ಖರ್ಚಲ್ಲ: ಹೋಗಿಬರುವ ಡೀಸೆಲ್, ಟೋಲ್, ಒಂದು ದಿನದ ಬಾಡಿಗೆ, ಮಾತು ಕೊಟ್ಟಿದ್ದ ಗಿರಾಕಿ.

ಹೊಸ ಕಾರುಗಳಲ್ಲಿ ಈ ಗೋಳು ಬಹುತೇಕ ಇಲ್ಲ. ಅವುಗಳ ಸ್ಟೀರಿಂಗಿಗೆ ಎಣ್ಣೆ ಬೇಡ, ವಿದ್ಯುತ್ ಮೋಟರು ಸಾಕು. ಎಣ್ಣೆಯ ಪಂಪ್ ಉಳಿದಿರುವುದು ಬೊಲೆರೊ, ಕ್ವಾಲಿಸ್, ಹಳೆಯ ಸುಮೊ, ಮೊದಲ ತಲೆಮಾರಿನ ಇನ್ನೋವಾದಂಥ ಗಾಡಿಗಳಲ್ಲಿ. ಅಂದರೆ ದುಡಿಯುವ ಗಾಡಿಗಳಲ್ಲಿ, ಎರಡನೆಯ–ಮೂರನೆಯ ಮಾಲೀಕರ ಕೈಯಲ್ಲಿರುವ ಗಾಡಿಗಳಲ್ಲಿ. ಒಂದೇ ರೋಗಕ್ಕೆ ಎರಡು ಸಲ ದುಡ್ಡು ಕೊಡಲು ಶಕ್ತಿಯಿಲ್ಲದವರ ಬಳಿಯೇ ಈ ರೋಗ ಉಳಿದುಕೊಂಡಿದೆ.

ಪಂಪಿನ ಕೆಲಸ ತಿಳಿದರೆ ಮುಂದಿನದು ಸುಲಭ. ಎಣ್ಣೆ ಒಂದು ಸಣ್ಣ ಡಬ್ಬಿಯಲ್ಲಿರುತ್ತದೆ. ಅಲ್ಲಿಂದ ದಪ್ಪ, ಮೆತ್ತನೆಯ ಪೈಪಿನಲ್ಲಿ ಪಂಪಿಗೆ ಇಳಿಯುತ್ತದೆ. ಎಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸುತ್ತದೆ. ಪಂಪ್ ಎಣ್ಣೆಯನ್ನು ಪ್ರೆಷರ್ ಪೈಪಿನ ಮೂಲಕ ಸ್ಟೀರಿಂಗ್ ರ‍್ಯಾಕಿಗೆ ದೂಡುತ್ತದೆ. ರ‍್ಯಾಕಿನಿಂದ ಅದು ರಿಟರ್ನ್ ಪೈಪಿನಲ್ಲಿ ತಣ್ಣಗೆ ಡಬ್ಬಿಗೆ ವಾಪಸಾಗುತ್ತದೆ. ಸ್ಟೀರಿಂಗ್ ನೇರವಾಗಿದ್ದಾಗ ಎಣ್ಣೆ ಸುಮ್ಮನೆ ಸುತ್ತುತ್ತಿರುತ್ತದೆ, ಒತ್ತಡ ಕೆಲವೇ ಬಾರ್. ತಿರುಗಿಸಿದಾಗ ಮಾತ್ರ ಒತ್ತಡ ಏರುತ್ತದೆ. 1926ರಲ್ಲಿ ಅಮೆರಿಕದ ಫ್ರಾನ್ಸಿಸ್ ಡೇವಿಸ್ ಪಿಯರ್ಸ್-ಆರೋ ಕಾರಿನ ಮೇಲೆ ತೋರಿಸಿದ ಉಪಾಯವೂ ಇದೇ. ಅದು ಮಾರುವ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಸ್ಟೀರಿಂಗನ್ನು ಕೊನೆಯವರೆಗೂ ತಿರುಗಿಸಿ ಹಿಡಿದರೆ ಸಾಮಾನ್ಯ ಕಾರು–ಜೀಪುಗಳಲ್ಲಿ ಒತ್ತಡ 70ರಿಂದ 100 ಬಾರ್‌ವರೆಗೂ ಹೋಗಬಹುದು. ಟೈರಿನಲ್ಲಿರುವ ಗಾಳಿಯ ಒತ್ತಡ ಎರಡೂ ಚಿಲ್ಲರೆ ಬಾರ್ ಎಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ಗೊತ್ತಾಗುತ್ತದೆ.

ಹೈದರಾಬಾದಿನ ರಸ್ತೆ ಇಲ್ಲಿ ತನ್ನದೊಂದು ಪಾಲು ಸೇರಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ನಗರದ ಎಷ್ಟೋ ಕಡೆ ಸಿಗ್ನಲ್ ಇದ್ದ ಚೌಕಗಳನ್ನು ಮುಚ್ಚಿ, ಮುಂದೆ ಹೋಗಿ ಯು-ಟರ್ನ್ ಹೊಡೆದು ಬನ್ನಿ ಎಂದು ಮಾಡಿದ್ದಾರೆ. ಸಂಚಾರಕ್ಕೆ ಒಳ್ಳೆಯದೋ ಅಲ್ಲವೋ, ಅದು ಬೇರೆ ಪ್ರಬಂಧ. ಸ್ಟೀರಿಂಗ್ ಪಂಪಿನ ಲೆಕ್ಕದಲ್ಲಿ ಮಾತ್ರ ಪ್ರತಿ ಯು-ಟರ್ನ್ ಎಂದರೆ ಪೂರಾ ಒತ್ತಡದ ಒಂದು ಪರೀಕ್ಷೆ. ಏಪ್ರಿಲ್–ಮೇ ಬಿಸಿಲಿನಲ್ಲಿ, ನಿಂತು ಸಾಗುವ ದಟ್ಟಣೆಯಲ್ಲಿ, ದಿನಕ್ಕೆ ಹತ್ತಿಪ್ಪತ್ತು ಸಲ ಈ ಪರೀಕ್ಷೆ ಬರೆಯುವ ವಾಷರು ಹಳೆಯದಾಗಿದ್ದರೆ ಫೇಲಾಗದೆ ಇನ್ನೇನು? ಆಟೋನಗರದಲ್ಲಿ ಒಣಗಿದ್ದ ಕೀಲು ನಗರ ದಾಟುವಷ್ಟರಲ್ಲಿ ಒದ್ದೆಯಾಗುವುದರಲ್ಲಿ ಪವಾಡವೇನೂ ಇಲ್ಲ.

ಇನ್ನು ಪದದ ವಿಷಯ. ಅಮೆರಿಕದ ಸೇನೆಯ ವಾಹನ ಕೈಪಿಡಿಗಳಲ್ಲಿ ಸೋರಿಕೆಗೆ ಮೂರು ದರ್ಜೆಗಳಿವೆ. ಮೇಲ್ಮೈ ಒದ್ದೆಯಾಗಿದೆ ಅಥವಾ ಬಣ್ಣಗೆಟ್ಟಿದೆ, ಆದರೆ ಹನಿ ಕಟ್ಟಿಲ್ಲ: ಒಂದನೆಯ ದರ್ಜೆ. ಹನಿ ಕಟ್ಟಿದೆ, ಆದರೆ ನೋಡುತ್ತಿರುವಷ್ಟು ಹೊತ್ತಿನಲ್ಲಿ ಬೀಳುತ್ತಿಲ್ಲ: ಎರಡನೆಯದು. ಹನಿ ಬೀಳುತ್ತಿದೆ: ಮೂರನೆಯದು. ಮೊದಲ ಎರಡಿದ್ದರೆ ಎಣ್ಣೆಯ ಮಟ್ಟ ನೋಡಿಕೊಳ್ಳುತ್ತ ಗಾಡಿ ಓಡಿಸಬಹುದು, ಮೂರನೆಯದಾದರೆ ಮೇಲಿನವರಿಗೆ ತಿಳಿಸಬೇಕು ಎಂಬುದು ಸ್ಥೂಲವಾಗಿ ಅಲ್ಲಿನ ನಿಯಮ. ಅವರು ಅಂಕಿ ಹಾಕಿ ಮಾಡಿಕೊಂಡ ಈ ವಿಂಗಡಣೆಯನ್ನು ಕನ್ನಡ ಅಂಕಿಯಿಲ್ಲದೆ ಮಾಡಿಟ್ಟಿದೆ. ಒಸರುವುದು, ಜಿನುಗುವುದು, ತೊಟ್ಟಿಕ್ಕುವುದು. ಮಳೆಗಾಲದ ಗೋಡೆ ಒಸರುತ್ತದೆ; ಗಾಯದ ಬಾಯಿ ಜಿನುಗುತ್ತದೆ; ಹಂಚಿನ ಅಂಚು ತೊಟ್ಟಿಕ್ಕುತ್ತದೆ. ಮನೆಯಲ್ಲಿ ಯಾರೂ ಇವನ್ನು ಅದಲುಬದಲು ಮಾಡುವುದಿಲ್ಲ. ಇದರ ಮೇಲೆ ಚಿಮ್ಮುವುದಿದೆ, ಉಕ್ಕುವುದಿದೆ. ದಖ್ಖನಿಯವರಿಗೆ ರಿಸ್ನಾ ಬೇರೆ, ಟಪಕ್ನಾ ಬೇರೆ. ತೆಲುಗಿನಲ್ಲಿ ಸೋರುವುದಕ್ಕೆ ‘ಕಾರು’ ಎಂಬ ಕ್ರಿಯಾಪದವಿದೆ. ‘ಕಾರು ಕಾರುತೋಂದಿ’ ಎಂದು ನಗಲೂಬಹುದು. ಕನ್ನಡದಲ್ಲಿ ಕಾರುವುದೆಂದರೆ ವಾಂತಿ ಮಾಡುವುದು. ಡಬ್ಬಿಯ ಮುಚ್ಚಳದಿಂದ ನೊರೆನೊರೆಯಾಗಿ ಎಣ್ಣೆ ಹೊರಬಂದ ಗಾಡಿಗೆ ಇದಕ್ಕಿಂತ ಒಪ್ಪುವ ಮಾತು ಸಿಗುವುದು ಕಷ್ಟ.

ಇದು ಪದಗಳ ಮೇಲಿನ ಮೋಹದಿಂದ ಹೇಳುವ ಮಾತಲ್ಲ. ಒಂದೊಂದು ಕ್ರಿಯಾಪದ ಗಾಡಿಯ ಒಂದೊಂದು ಜಾಗದತ್ತ ಬೆರಳು ತೋರಿಸುತ್ತದೆ. ‘ಲೀಕ್’ ಎಂದಾಗ ಉಸ್ತಾದನ ಕಣ್ಣು ಹೋಗುವುದು ಪಂಪಿನತ್ತ, ಏಕೆಂದರೆ ಬದಲಾದದ್ದು ಅದೇ. ‘ನಿಲ್ಲಿಸಿದ ಮೇಲೆ ತೊಟ್ಟಿಕ್ಕುತ್ತದೆ, ಓಡುವಾಗ ಇಲ್ಲ’ ಎಂದರೆ ಅವನ ಕೈ ಬೇರೆಡೆಗೆ ಹೋಗುತ್ತದೆ.

ಎಲ್ಲಕ್ಕಿಂತ ಮೊದಲ ಕೆಲಸ ತೊಳೆಯುವುದು. ಹಳೆಯ ಪಂಪ್ ಬಿಚ್ಚುವಾಗ ಲೋಟಗಟ್ಟಲೆ ಎಣ್ಣೆ ಚೆಲ್ಲುತ್ತದೆ. ಅದು ಚಾಸಿಯ ಅಡ್ಡಪಟ್ಟಿಯ ಮಡಿಕೆಗಳಲ್ಲಿ, ಎಂಜಿನ್ನಿನ ಕೆಳಗಿನ ತಗಡಿನಲ್ಲಿ ನಿಂತು, ಗಾಡಿ ಬಿಸಿಯಾದಾಗಲೆಲ್ಲ ಎರಡು ಮೂರು ದಿನ ಕೆಳಗಿಳಿಯುತ್ತಲೇ ಇರುತ್ತದೆ. ಇದು ಸೋರಿಕೆಯೇ ಅಲ್ಲ, ನಿನ್ನೆಯ ಕೆಲಸದ ಶೇಷ. ಇದಕ್ಕೆ ಹೆದರಿ ಪಂಪ್ ಇಳಿಸಿದವರಿದ್ದಾರೆ. ಇನ್ನು ಬೇಸಿಗೆಯಲ್ಲಿ ಮುಂದಿನ ಸೀಟಿನ ಕೆಳಗೆ ಬೀಳುವ ನೀರು ಎಸಿಯದು. ಮುಟ್ಟಿ ಮೂಸಿದರೆ ಗೊತ್ತಾಗುತ್ತದೆ. ಸ್ಟೀರಿಂಗಿನ ಎಣ್ಣೆ ಬಹಳಷ್ಟು ಗಾಡಿಗಳಲ್ಲಿ ಕೆಂಪು ಬಣ್ಣದ ಎಟಿಎಫ್, ಹಳೆಯದಾದರೆ ಕಂದು. ತೊಳೆದು, ಒರೆಸಿ, ರಾತ್ರಿ ಕೆಳಗೊಂದು ರಟ್ಟು ಹಾಸಿ, ಬೆಳಿಗ್ಗೆ ಹನಿ ಬಿದ್ದ ಜಾಗದ ನೇರಕ್ಕೆ ಮೇಲೆ ನೋಡಬೇಕು. ಆದರೆ ಹನಿ ಬಿದ್ದ ಜಾಗ ಹೊರಟ ಜಾಗವಲ್ಲ. ಎಣ್ಣೆ ಪೈಪಿನ ಮೈಮೇಲೆ ಹರಿದು ತಗ್ಗು ಸಿಕ್ಕಲ್ಲಿ ಬೀಳುತ್ತದೆ. ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅಲ್ಲಿಂದ ಹುಡುಕಾಟ ಶುರು. ಅನುಮಾನದ ಕೀಲಿನ ಮೇಲೆ ಒಂದಿಷ್ಟು ಟಾಲ್ಕಂ ಪೌಡರ್ ಉದುರಿಸಿದರೆ ಗೆರೆ ತಾನೇ ಕಾಣುತ್ತದೆ. ನೇರಳೆ ದೀಪಕ್ಕೆ ಹೊಳೆಯುವ ಬಣ್ಣವನ್ನು ಎಣ್ಣೆಗೆ ಬೆರೆಸಿ ನೋಡುವ ಪದ್ಧತಿಯೂ ಇದೆ. ಪೌಡರ್ ಅಗ್ಗ.

ಜಿನುಗುವಿಕೆಯ ಬಗ್ಗೆ ತುಸು ನಿಂತು ಹೇಳಬೇಕು, ಏಕೆಂದರೆ ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಪ್ರೆಷರ್ ಪೈಪು ಪಂಪಿಗೆ ಸೇರುವಲ್ಲಿ ಅನೇಕ ಗಾಡಿಗಳಲ್ಲಿ ಬ್ಯಾಂಜೋ ಬೋಲ್ಟ್ ಇರುತ್ತದೆ: ನಡುವೆ ಟೊಳ್ಳಿರುವ ಬೋಲ್ಟು, ಅದು ಪೈಪಿನ ಉಂಗುರದ ಮೂಲಕ ಹಾದು ಪಂಪಿಗೆ ಕೂರುತ್ತದೆ. ಉಂಗುರದ ಮೇಲೊಂದು ಕೆಳಗೊಂದು, ಎರಡು ವಾಷರ್; ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ. ಬೋಲ್ಟು ಬಿಗಿಯುವಾಗ ಈ ಮೆತ್ತನೆಯ ಲೋಹ ಜಜ್ಜಿಕೊಂಡು ಸಣ್ಣಪುಟ್ಟ ಗೀರುಗಳನ್ನು ತುಂಬುತ್ತದೆ. ಒಮ್ಮೆ ಜಜ್ಜಿದ ತಾಮ್ರ ಗಟ್ಟಿಯಾಗುತ್ತದೆ. ಮತ್ತೆ ಹಾಕಿದರೆ ಹೊಸ ಗೀರುಗಳನ್ನು ತುಂಬುವಷ್ಟು ಮೆತ್ತಗಿರುವುದಿಲ್ಲ. ಹಳಬ ಉಸ್ತಾದರು ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗದ್ದಿ ಮತ್ತೆ ಬಳಸುವುದು ಮೂಢನಂಬಿಕೆಯಲ್ಲ. ಕಾಯಿಸಿದ ತಾಮ್ರ ನಿಜಕ್ಕೂ ಮತ್ತೆ ಮೆತ್ತಗಾಗುತ್ತದೆ. ಹಾಗೆ ಕಾಯಿಸುವಷ್ಟು ಹೊತ್ತಾದರೂ ಇರಬೇಕು, ಇಲ್ಲವೇ ಹೊಸದು ತರುವಷ್ಟು ಮನಸ್ಸಾದರೂ. ಎರಡೂ ಇಲ್ಲದಿದ್ದಾಗ ಹಳೆಯದನ್ನೇ ಒರೆಸಿ ಹಾಕಿ, ಜಿನುಗಿದರೆ ಇನ್ನಷ್ಟು ಬಿಗಿಯುತ್ತಾರೆ. ಪಂಪಿನ ಮೈ ಅಲ್ಯೂಮಿನಿಯಮ್ಮಿನದಾದರೆ ಆ ‘ಇನ್ನಷ್ಟು’ ಮರೆಯನ್ನೇ ಸವೆಸಿಬಿಡುತ್ತದೆ. ಆಗ ಕೆಲವು ರೂಪಾಯಿಯ ವಾಷರ್ ಹೊಸ ಪಂಪನ್ನು ನುಂಗಿದ ಹಾಗಾಯಿತು.

ಓ-ರಿಂಗ್ ಇರುವ ಕೀಲುಗಳಲ್ಲಿ ಕತೆ ಇನ್ನೂ ಚಿಕ್ಕದು, ಇನ್ನೂ ಕಾಣದಂಥದ್ದು. ಹಳೆಯ ಓ-ರಿಂಗ್ ಕಾದು ಕಪ್ಪಾಗಿ ತೂತಿನ ತಳಕ್ಕೆ ಅಂಟಿಕೊಂಡಿರುತ್ತದೆ. ಲೋಹವೇ ಇರಬೇಕೆಂದು ಅದರ ಮೇಲೇ ಹೊಸದನ್ನು ಕೂರಿಸುತ್ತಾರೆ. ಎರಡು ಸೇರಿ ಒಂದೂ ಕೂರುವುದಿಲ್ಲ. ಅಥವಾ ಅಂಗಡಿಯ ಮಿಶ್ರ ಡಬ್ಬಿಯಿಂದ ಕಣ್ಣಳತೆಯಲ್ಲಿ ಹೆಕ್ಕಿದ್ದು ಕೂದಲೆಳೆಯಷ್ಟು ತೆಳ್ಳಗಿರುತ್ತದೆ. ರಬ್ಬರಿನ ಜಾತಿಯೂ ಮುಖ್ಯ. ಬ್ರೇಕ್ ಎಣ್ಣೆಗೆ ಒಗ್ಗುವ ಇಪಿಡಿಎಂ ರಬ್ಬರು ಈ ಖನಿಜ ಎಣ್ಣೆಯಲ್ಲಿ ಉಬ್ಬಿ ಹಾಳಾಗುತ್ತದೆ. ಇಲ್ಲಿಗೆ ಬೇಕಾದದ್ದು ನೈಟ್ರೈಲ್. ಅದೇ ಕಾರಣಕ್ಕೆ, ಮಟ್ಟ ಇಳಿದಾಗ ಕೈಗೆ ಸಿಕ್ಕ ಬ್ರೇಕ್ ಆಯಿಲ್ ಸುರಿಯುವುದು ಸ್ಟೀರಿಂಗಿನ ಎಲ್ಲ ಸೀಲುಗಳಿಗೂ ಒಟ್ಟಿಗೆ ವಿಷ ಹಾಕಿದಂತೆ. ಡಬ್ಬಿಯ ಮುಚ್ಚಳದ ಮೇಲೆ ಯಾವ ಎಣ್ಣೆ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಓದಬೇಕು, ಅಷ್ಟೆ.

ತೊಟ್ಟಿಕ್ಕುವಿಕೆ ಹೆಚ್ಚಾಗಿ ಡಬ್ಬಿಯ ಕಡೆಯ ದಪ್ಪ ಪೈಪುಗಳದು. ಇಲ್ಲಿ ಒತ್ತಡ ಇಲ್ಲವೇ ಇಲ್ಲವೆನ್ನಬಹುದು. ಎಂಜಿನ್ ಓಡುವಾಗ ಪಂಪ್ ಎಣ್ಣೆಯನ್ನು ಎಳೆದುಕೊಳ್ಳುವುದರಿಂದ, ಸಡಿಲವಾದ ಕ್ಲಿಪ್ಪಿನ ಸಂದಿಯಲ್ಲಿ ಎಣ್ಣೆ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಓಡುವಾಗ ಒಣಗಿರುವ ಕೀಲು ನಿಲ್ಲಿಸಿದ ಮೇಲೆ ತೊಟ್ಟಿಕ್ಕುವುದು ಇದಕ್ಕೇ. ಓಡುವಾಗ ಮಾತ್ರ ನೋಡಿ ‘ಎಲ್ಲ ಠೀಕ್’ ಎಂದವನೂ ಸುಳ್ಳು ಹೇಳಿಲ್ಲ, ನಿಲ್ಲಿಸಿದಾಗ ಕಲೆ ಕಂಡವನೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ನೋಡಿದ್ದಾರೆ.

ಅದೇ ಗಾಳಿ ಉಕ್ಕುವಿಕೆಗೂ ಕಾರಣ. ಎಣ್ಣೆಯೊಳಗೆ ಸೇರಿದ ಗಾಳಿ ಒತ್ತಡದಲ್ಲಿ ಕುಗ್ಗಿರುತ್ತದೆ. ಎಂಜಿನ್ ನಿಂತ ಕೂಡಲೇ ಹಿಗ್ಗಿ ಡಬ್ಬಿಯಲ್ಲಿ ಮಟ್ಟ ಏರುತ್ತದೆ, ಮುಚ್ಚಳದ ಸಣ್ಣ ತೂತಿನಿಂದ ನೊರೆ ಕಾರುತ್ತದೆ. ಎಂಜಿನ್ ಬಂದ್ ಮಾಡಿದಾಗ ಮಟ್ಟ ಕಣ್ಣಿಗೆ ಕಾಣುವಷ್ಟು ಏರಿದರೆ ಒಳಗೆ ಗಾಳಿ ಇದೆ ಎಂದೇ ಲೆಕ್ಕ. ಜೊತೆಗೆ ತಿರುಗಿಸುವಾಗ ನಾಯಿಮರಿ ಕುಂಯ್‌ಗುಟ್ಟಿದಂಥ ಸದ್ದು. ಈ ಗಾಡಿಯ ಪಂಪ್ ಎಷ್ಟು ಬದಲಾಯಿಸಿದರೂ ಅಷ್ಟೆ. ಬೇಕಾಗಿರುವುದು ಗಾಳಿ ತೆಗೆಯುವುದು: ಮುಂದಿನ ಎರಡೂ ಚಕ್ರ ಎತ್ತಿ ಭದ್ರವಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಹಾಕದೆ, ಮುಚ್ಚಳ ತೆರೆದಿಟ್ಟು, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನಕ್ಕೆ ಹತ್ತಿಪ್ಪತ್ತು ಸಲ ತಿರುಗಿಸುತ್ತ, ಗುಳ್ಳೆ ನಿಲ್ಲುವವರೆಗೆ ಎಣ್ಣೆ ಸೇರಿಸುತ್ತ ಹೋಗುವುದು. ಆಮೇಲಷ್ಟೇ ಸ್ಟಾರ್ಟ್. ಇದಕ್ಕೆ ಇಬ್ಬರು ಬೇಕು, ತಾಳ್ಮೆ ಬೇಕು. ಸಾಲಿನಲ್ಲಿ ಇನ್ನು ನಾಲ್ಕು ಗಾಡಿ ಕಾಯುತ್ತಿದ್ದರೆ ಮೊದಲು ಬಿಟ್ಟುಹೋಗುವುದು ಇದೇ. ಎಣ್ಣೆ ತುಂಬಿ ನೇರ ಸ್ಟಾರ್ಟ್ ಮಾಡಿ ಜೋರಾಗಿ ತಿರುಗಿಸಿದರೆ ಒಣಗಿದ ಹೊಸ ಪಂಪ್ ತನ್ನೊಳಗೇ ಉಜ್ಜಿಕೊಂಡು ಮೊದಲ ನಿಮಿಷದಲ್ಲೇ ಅರ್ಧ ಮುದುಕಾಗುತ್ತದೆ. ಇನ್ನೊಂದು ಸರಳ ಸಂಗತಿಯೂ ಉಂಟು: ಡಬ್ಬಿಯ ಮೇಲೆ ಬಿಸಿಗೊಂದು, ತಣ್ಣಗಿದ್ದಾಗಿಗೊಂದು, ಎರಡು ಗೆರೆ ಇರುತ್ತವೆ. ತಣ್ಣಗಿರುವಾಗ ಬಿಸಿಯ ಗೆರೆಯವರೆಗೆ ತುಂಬಿಸಿದರೆ ಬಿಸಿಯಾದ ಮೇಲೆ ಹೊರಚೆಲ್ಲುವುದು ಖಂಡಿತ.

ಒಸರುವ ಹಳೆಯ ಪೈಪಿನ ಮಾತು ಬೇರೆ. ಹಳೇ ಮನೆಯ ತುಕ್ಕು ಹಿಡಿದ ಕೊಳಾಯಿಗೆ ಹೊಸ ಮೋಟರು ಕೂರಿಸಿದಾಗ ಏನಾಗುತ್ತದೆಂದು ಗೊತ್ತಲ್ಲ? ಸೊರಗಿದ ಪಂಪಿನ ಅರೆ ಒತ್ತಡಕ್ಕೆ ಹೊಂದಿಕೊಂಡಿದ್ದ ಪೈಪಿನ ಕ್ರಿಂಪು, ರ‍್ಯಾಕಿನ ಸೀಲು, ಹೊಸ ಪಂಪಿನ ಪೂರಾ ಒತ್ತಡ ಬಂದಾಗ ತಮ್ಮ ವಯಸ್ಸು ತೋರಿಸುತ್ತವೆ. ಚಕ್ರದ ಬದಿಯ ರಬ್ಬರಿನ ಬೂಟಿನೊಳಗೆ ಎಣ್ಣೆ ನಿಂತಿದ್ದರೆ ರ‍್ಯಾಕಿನ ಸೀಲು ಹೋಗಿದೆ. ಇದಕ್ಕೆ ಉಸ್ತಾದನನ್ನು ದೂರುವುದು ಅನ್ಯಾಯ. ಮೊದಲೇ ಹೇಳಿರಲಿಲ್ಲವೆಂದು ದೂರಿದರೆ ಅದು ನ್ಯಾಯ. ಪೈಪಿನ ಕ್ರಿಂಪು ಒಸರುತ್ತಿದ್ದರೆ ಕ್ಲಿಪ್ಪು ಸುತ್ತಿ ಪ್ರಯೋಜನವಿಲ್ಲ. ಕಂಪನಿಯ ಹೊಸ ಪೈಪು ಸಿಗದಿದ್ದರೆ, ಸಿಕಂದರಾಬಾದಿನ ರಾಣಿಗಂಜ್ ಕಡೆ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡಿಕೊಡುವವರಿದ್ದಾರೆ. ಒತ್ತಡದ ಅಂಕಿ ಹೇಳಿ ಮಾಡಿಸಬೇಕು, ಸಾದಾ ನೀರಿನ ಪೈಪು ನಡೆಯುವುದಿಲ್ಲ.

ಚಿಮ್ಮುವುದಾದರೆ ಗಾಡಿ ಓಡಿಸಲೇಬಾರದು. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದ ಈ ಎಣ್ಣೆ ಹೊತ್ತಿಕೊಳ್ಳಬಲ್ಲದು. ಎಣ್ಣೆ ಖಾಲಿಯಾದರೆ ಸ್ಟೀರಿಂಗ್ ಕೆಲಸ ಮಾಡುತ್ತದೆ ನಿಜ, ಆದರೆ ತಿರುವಿನ ನಡುವೆ ಒಮ್ಮೆಲೇ ಕಲ್ಲಿನಂತೆ ಭಾರವಾಗುತ್ತದೆ. ಎಲ್ಲಿಂದ ಚಿಮ್ಮುತ್ತಿದೆ ಎಂದು ಎಂಜಿನ್ ಓಡುವಾಗ ಪೈಪಿನ ಮೇಲೆ ಕೈ ಸವರಿ ನೋಡುವ ಅಭ್ಯಾಸ ಕೆಲವರಿಗಿದೆ. ಸೂಜಿಯಷ್ಟು ತೂತಿನಿಂದ ಇಂಥ ಒತ್ತಡದಲ್ಲಿ ಬರುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಹೊರಗೆ ಚುಕ್ಕೆಯಷ್ಟು ಗಾಯ, ಒಳಗೆ ಬೆರಳು ಕಳೆದುಕೊಳ್ಳುವ ಅಪಾಯ. ರಟ್ಟಿನ ತುಂಡು ಅಡ್ಡ ಹಿಡಿದು ನೋಡುವುದಕ್ಕೆ ಖರ್ಚೇನಿಲ್ಲ.

ಪಂಪಿನದೇ ತಪ್ಪಿರುವುದೂ ಉಂಟು, ಅದನ್ನೂ ಹೇಳಿಬಿಡಬೇಕು. ಪುಲ್ಲಿಯ ಹಿಂಬದಿ ಒದ್ದೆಯಾಗಿದ್ದು, ಬಾನೆಟ್ಟಿನ ಒಳಮೈಯಲ್ಲಿ ಪುಲ್ಲಿಯ ನೇರಕ್ಕೆ ಎಣ್ಣೆಯ ಗೆರೆ ಎರಚಿದ್ದರೆ ಅದು ಶಾಫ್ಟಿನ ಸೀಲು. ಆಗ ವಾರಂಟಿಗೆ ಜಗಳವಾಡಬಹುದು. ಆದರೆ ಅಂಗಡಿಯವನು ಮರಳಿ ಕೇಳುವ ಪ್ರಶ್ನೆಗಳಿಗೂ ಉತ್ತರ ಇರಬೇಕು: ಪುಲ್ಲಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ್ದರೆ? ಬೆಲ್ಟನ್ನು ತಂತಿಯ ಹಾಗೆ ಬಿಗಿದಿದ್ದರೆ? ಹಳೆಯ ಪಂಪ್ ಅರೆದು ಉದುರಿಸಿದ ಲೋಹದ ಪುಡಿಯನ್ನು ತೊಳೆದು ತೆಗೆಯದೆ ಹೊಸದಕ್ಕೆ ಕುಡಿಸಿದ್ದರೆ? ರಿಟರ್ನ್ ಪೈಪು ಮಡಿಚಿಕೊಂಡಿದ್ದರೆ? ಹೀಗೆ ಕೆಟ್ಟ ಸೀಲಿಗೆ ಮೂರನೆಯ ಪಂಪ್ ಹಾಕಿದರೂ ಅದೇ ಗತಿ. ಇನ್ನು ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಬಾಟಲಿಯ ದ್ರವ. ಅದು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಒಸರುವ ಮುದಿ ಸೀಲಿಗೆ ಕೆಲವು ತಿಂಗಳು ಆಯಸ್ಸು ಕೊಟ್ಟೀತು. ತಾಮ್ರದ ವಾಷರಿಗೆ ಅದರಿಂದ ಏನಾಗಬೇಕು?

ಇಷ್ಟೆಲ್ಲ ತಪ್ಪುಗಳ ಪಟ್ಟಿ ಓದಿದವರಿಗೆ ಉಸ್ತಾದರೇ ಅಪರಾಧಿಗಳೆಂದು ತೋರಬಹುದು. ಆದರೆ ಬಿಲ್ಲು ನೋಡಿ. ಪಂಪಿಗೆ ಇಷ್ಟು, ಎಣ್ಣೆಗೆ ಇಷ್ಟು, ಮಜೂರಿ ಇಷ್ಟು. ಮಜೂರಿಯ ಮೇಲೆ ಚೌಕಾಸಿ ಮುಗಿದ ಮೇಲೆ ಉಳಿಯುವುದು ಪಂಪ್ ಇಳಿಸಿ ಏರಿಸುವಷ್ಟು ಹೊತ್ತಿನ ಬೆಲೆ ಮಾತ್ರ. ತೊಳೆಯುವುದು, ಹಳೆಯ ಎಣ್ಣೆ ಪೂರ್ತಿ ಹೊರಹಾಕುವುದು, ಗಾಳಿ ತೆಗೆಯುವುದು, ಓಡಿಸಿ ಬಂದು ಮತ್ತೆ ನೋಡುವುದು ಇವು ಯಾವುವೂ ಬಿಲ್ಲಿನಲ್ಲಿಲ್ಲ, ಹಾಗಾಗಿ ಕೆಲಸದಲ್ಲೂ ಇಲ್ಲ. ಸಾವಿರಗಟ್ಟಲೆ ಪಂಪಿಗೆ ಮಾತಾಡದೆ ಹಣ ಎಣಿಸುವ ಮಾಲೀಕ ವಾಷರಿನ ಹೆಸರೆತ್ತಿದರೆ ‘ಹಳೇದೇ ಹಾಕ್ರಿ ಉಸ್ತಾದ್, ಭಾಳ ದಿನಾ ಆಗಿಲ್ಲ’ ಎನ್ನುತ್ತಾನೆ. ವೈದ್ಯರು ಸ್ಟೆತಾಸ್ಕೋಪ್ ಇಟ್ಟು ನೋಡಿದ್ದಕ್ಕೆ ಫೀಸು ಕೊಡುವ ಜನವೇ ಗಾಡಿಯ ಕೆಳಗೆ ಮಲಗಿ ನೋಡಿದವನಿಗೆ ‘ನೀ ಏನ್ ಮಾಡ್ದಿ, ಬರೇ ನೋಡ್ದಿ’ ಎಂದು ಕೇಳುತ್ತಾರೆ. ಬರೇ ನೋಡಿದ್ದಕ್ಕೆ ದುಡ್ಡಿಲ್ಲದ ಕಡೆ ಬದಲಾಯಿಸುವುದೊಂದೇ ದುಡಿಮೆಯಾಗುತ್ತದೆ. ಅದು ಯಾರ ಕೆಟ್ಟತನವೂ ಅಲ್ಲ, ಲೆಕ್ಕ.

ಆ ಲೆಕ್ಕ ಬದಲಾಗಬೇಕಾದರೆ ಮಾತು ಕೆಲಸಕ್ಕೆ ಮೊದಲೇ ಆಗಬೇಕು. ಪಂಪಿನ ಜೊತೆ ಹೊಸ ವಾಷರು, ಹೊಸ ಓ-ರಿಂಗು, ಡಬ್ಬಿಯ ಕಡೆಯ ಎರಡು ಕ್ಲಿಪ್ಪು, ಫ್ಲಶ್ ಮಾಡಲು ಒಂದು ಲೀಟರ್ ಹೆಚ್ಚಿನ ಎಣ್ಣೆ, ಇವು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬರಲಿ ಎಂದು ಮಾಲೀಕನೇ ಕೇಳಬೇಕು. ಗಾಳಿ ತೆಗೆಯುವ ಅರ್ಧ ಗಂಟೆಗೂ, ಮರಳಿ ಬಂದರೆ ತೊಳೆದು ನೋಡುವ ಅರ್ಧ ಗಂಟೆಗೂ ದರ ನಿಗದಿಯಾಗಬೇಕು. ಪೈಪು, ರ‍್ಯಾಕು ಈಗ ಹೇಗಿವೆ ಎಂದು ಬಿಚ್ಚುವ ಮೊದಲೇ ಫೋನಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಕೆಲಸ ಮುಗಿದ ಮೇಲೆ ಆಟೋನಗರದ ಎದುರಿನ ರಸ್ತೆಯಲ್ಲೇ ನಾಲ್ಕು ಯು-ಟರ್ನ್ ಹೊಡೆದು ಬಂದು, ಉಸ್ತಾದನ ಎದುರಿಗೇ ಕೀಲು ಒರೆಸಿ ನೋಡಿ, ಆಮೇಲೆ ಊರ ದಾರಿ ಹಿಡಿಯುವುದು. ಕೊನೆಯವರೆಗೆ ತಿರುಗಿಸಿದ ಸ್ಟೀರಿಂಗನ್ನು ಐದು ಸೆಕೆಂಡಿಗಿಂತ ಹೆಚ್ಚು ಹಾಗೇ ಒತ್ತಿ ಹಿಡಿಯದಿದ್ದರೆ ಹೊಸ ಪಂಪಿಗೂ ಒಳ್ಳೆಯದು.

ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಜಹೀರಾಬಾದ್ ಬರುತ್ತದೆ. ಚಹಾಕ್ಕೆ ನಿಂತಾಗ ಎಂಜಿನ್ ಬಂದ್ ಮಾಡಿ ಬಾನೆಟ್ ಎತ್ತಿದರೆ ಮೂರು ಸಂಗತಿ ನೋಡಬಹುದು: ಡಬ್ಬಿಯಲ್ಲಿ ಮಟ್ಟ ಏರಿತೇ, ನೊರೆ ಇದೆಯೇ, ಬ್ಯಾಂಜೋ ಒಣಗಿದೆಯೇ. ಬಟ್ಟೆಯಿಂದ ಒರೆಸಿ, ಚಹಾ ಮುಗಿಸಿ, ಸ್ಟಾರ್ಟ್ ಮಾಡಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸಿ, ಮತ್ತೆ ಬಂದ್ ಮಾಡಿ ನೋಡುವುದು. ಒಣಗಿದ್ದರೆ ಬೀದರಿಗೆ ಇನ್ನು ಮೂವತ್ತು ಚಿಲ್ಲರೆ ಕಿಲೋಮೀಟರು. ಮಣಿ ಕಟ್ಟಿದ್ದರೆ ಫೋನು ಹಚ್ಚಿ, ‘ಉಸ್ತಾದ್, ಬ್ಯಾಂಜೋದಾಗ ಜಿನುಗ್ಲಿಕತ್ತದ, ತೊಟ್ಟಿಕ್ಕಲ್ಲ. ಕೆಳಗಿನ ವಾಷರ್ ಅದ, ಮ್ಯಾಲಿಂದು ಒಣಾ ಅದ’ ಎನ್ನಬಹುದು. ಆ ಕಡೆಯಿಂದ ಪಂಪಿನ ಮಾತು ಬರುವುದಿಲ್ಲ.